ಗಾಜು ತೊಳೆಯುವ ವ್ಯಾನಿಗೆ ಎಂಥ ಹೋಸ್ ರೀಲ್? ನನ್ನದು ಎರಡನೇ ಸಲ ಕೈ ಕೊಟ್ಟಿತು

ಹೆಬ್ಬಾಳದ ಗಾಜು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎರಡು ವರ್ಷದಿಂದ ಕಿಟಕಿ ಗಾಜು ಮತ್ತು ತಾರಸಿ ಮೇಲಿನ ಸೋಲಾರ್ ಪ್ಯಾನೆಲ್ ತೊಳೆಯುವ ಕೆಲಸ ಮಾಡುತ್ತಿದ್ದೇನೆ. ಒಂದು ಈಕೋ ವ್ಯಾನ್, ಹಿಂದೆ 300 ಲೀಟರ್ ಟ್ಯಾಂಕ್, 12 ವೋಲ್ಟ್ ಡಯಾಫ್ರಂ ಪಂಪ್, 100 ಮೀಟರ್ ಪೈಪು, ತುದಿಗೆ ಬ್ರಷ್ ಇರುವ ಕಾರ್ಬನ್ ಫೈಬರ್ ಕೋಲು. ನೀರನ್ನು ಮನೆಯಲ್ಲೇ ಆರ್‌ಒ ಮಾಡಿ, ಆಮೇಲೆ ಉಳಿದ ಲವಣ ಹೀರುವ ರೆಸಿನ್ ಡಬ್ಬಿಯಲ್ಲಿ ಹಾಯಿಸಿ ತುಂಬಿಸಿಕೊಳ್ಳುತ್ತೇನೆ. ನಮ್ಮ ಏರಿಯಾ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣದ ಪ್ರಮಾಣ) 900ಕ್ಕಿಂತ ಕೆಳಗೆ ಇಳಿದಿದ್ದನ್ನು ನಾನು ನೋಡಿಲ್ಲ. ಅದನ್ನೇ ಹೊಡೆದರೆ ಗಾಜು ಒಣಗಿದ ಮೇಲೆ ಬಿಳಿ ಚುಕ್ಕೆ ಎದ್ದು ಕಾಣುತ್ತದೆ, ದುಡ್ಡು ಕೊಡುವವರು ಮೊದಲು ನೋಡುವುದೇ ಅದನ್ನು.

ಈಗ ಸಮಸ್ಯೆಗೆ ಬರುತ್ತೇನೆ. ಪೈಪು ಸುತ್ತಿಡಲು ಮೊದಲು ಗಾರ್ಡನ್‌ಗೆ ಬರುವ ಪ್ಲಾಸ್ಟಿಕ್ ರೀಲ್ ತಂದೆ, ನಾಲ್ಕು ತಿಂಗಳಿಗೆ ಮಧ್ಯದ ಕೊಳವೆ ಸೀಳಿತು. ಆಮೇಲೆ ಮನೆ ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ್ದು ಮಾಡಿಸಿದೆ. ಒಂದು ವರ್ಷ ಚೆನ್ನಾಗಿತ್ತು. ಈಗ ಎರಡೂ ಕಡೆಯ ಪ್ಲೇಟು ಹೊರಗೆ ಬಾಗಿದೆ, ತಿರುಗಿಸಿದರೆ ಫ್ರೇಮಿಗೆ ಉಜ್ಜುತ್ತದೆ. ತಿರುಗುವ ಜಾಯಿಂಟಿನಲ್ಲಿ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. 2024ರ ಮಾರ್ಚಿನಲ್ಲಿ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಹೇಳಿದ ಮೇಲೆ ರಸ್ತೆಯಲ್ಲಿ ನೀರು ಹರಿಯುವುದನ್ನು ಕಂಡರೆ ಜನ ಮೊಬೈಲ್ ತೆಗೆಯುತ್ತಾರೆ. ನಾನು ಹೊಡೆಯುವುದು ನನ್ನ ಬೋರ್ ನೀರು ಅಂತ ಯಾರಿಗೆ ಎಷ್ಟು ಸಲ ಹೇಳುವುದು.

ಹಾಗಾಗಿ ಕೇಳುತ್ತಿದ್ದೇನೆ. ಸ್ಟೀಲ್‌ದು ಮಾಡಿಸಲಾ, ಮೋಟರ್ ಇರುವುದು ತರಿಸಲಾ, ಇಲ್ಲ ರೀಲೇ ಬೇಡ ಅಂತ ಪೈಪನ್ನು ಸುತ್ತಿ ಬಾಕ್ಸಿಗೆ ಹಾಕಲಾ?

ಫೋಮ್ ವಾಶ್ ಮೈಸೂರು
ಗುರು, ಜಾಸ್ತಿ ಯೋಚನೆ ಬೇಡ. ಮೋಟರ್ ರೀಲ್ ತರಿಸಿಬಿಡು. ದಿನಕ್ಕೆ ಆರು ಮನೆ ಅಂದ್ರೆ ಆರು ಸಲ 100 ಮೀಟರ್ ಸುತ್ತಬೇಕು, ಭುಜ ಹೋಗುತ್ತದೆ. ನಾನು ಗುಜರಿಯಿಂದ ವೈಪರ್ ಮೋಟರ್ ತಂದು ಚೈನ್ ಹಾಕಿ ಮಾಡಿಕೊಂಡಿದ್ದೇನೆ, ಸ್ವಿಚ್ ಒತ್ತಿದರೆ ಮುಗಿಯಿತು.

ಲೇತ್ ಮೇಷ್ಟ್ರು
ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಇಟ್ಟಿದ್ದೇನೆ, ಇಂಥ ರೀಲ್ ಹತ್ತಾರು ರಿಪೇರಿಗೆ ಬಂದಿವೆ. ಏನು ಮಾಡಿಸಬೇಕು ಅಂತ ಹೇಳುವ ಮೊದಲು ಮೂರು ಪ್ರಶ್ನೆ. ಪೈಪಿನ ಒಳ ಅಳತೆ, ಹೊರ ಅಳತೆ ಎಷ್ಟು? ಕೆಲಸ ಮಾಡುವಾಗ ಪೂರ್ತಿ ಎಳೆಯುತ್ತೀರಾ, ಅರ್ಧ ರೀಲಿನಲ್ಲೇ ಬಿಟ್ಟು ಪಂಪ್ ಹಾಕುತ್ತೀರಾ? ಸುತ್ತುವಾಗ ಪಂಪ್ ಆನ್ ಇರುತ್ತದಾ, ಆಫ್ ಇರುತ್ತದಾ?

ಹೆಬ್ಬಾಳದ ಗಾಜು
ಮೇಷ್ಟ್ರೇ, ಪೈಪು ಔಷಧಿ ಹೊಡೆಯುವ ಹಳದಿ ಪೈಪು, ಮೇಲೆ 8.5 ಮಿ.ಮೀ. ಅಂತ ಬರೆದಿದೆ. ಹೊರಗಡೆ 14 ಇರಬಹುದು. ಸಾಮಾನ್ಯವಾಗಿ 30 ಮೀಟರ್ ಎಳೆಯುತ್ತೇನೆ, ಉಳಿದದ್ದು ರೀಲಿನಲ್ಲೇ ಇರುತ್ತದೆ. ಸುತ್ತುವಾಗ ಪಂಪ್ ಆಫ್ ಮಾಡುತ್ತೇನೆ, ಆದರೆ ಕೋಲಿನ ಕಡೆ ನಲ್ಲಿ ಬಂದ್ ಆಗಿರುತ್ತದೆ.

ಲೇತ್ ಮೇಷ್ಟ್ರು
ಅಲ್ಲೇ ಸಿಕ್ಕಿತು. ಎರಡು ತಪ್ಪು ಒಟ್ಟಿಗೆ ಆಗುತ್ತಿದೆ. ನೀವು ಪೈಪನ್ನು ಎಳೆದು ಬಿಗಿಯಾಗಿ ಸುತ್ತುತ್ತೀರಿ. ಎಳೆದ ಪೈಪು ಸ್ವಲ್ಪ ಉದ್ದ ಆಗುತ್ತದೆ, ಸಣ್ಣಗೂ ಆಗುತ್ತದೆ. ಮಾರನೇ ದಿನ 70 ಮೀಟರ್ ರೀಲಿನಲ್ಲಿ ಇರುವಾಗಲೇ ಪಂಪ್ ಹಾಕುತ್ತೀರಿ. ಒಳಗೆ ಒತ್ತಡ ಬಂದ ಪೈಪು ಉಬ್ಬುತ್ತದೆ. ಒಂದೊಂದು ಸುತ್ತು ಒಂದು ಕೂದಲೆಳೆಯಷ್ಟೇ ಉಬ್ಬಲಿ, ಒಂದು ಸಾಲಿಗೆ ಇಪ್ಪತ್ತು ಸುತ್ತು, ಅದರ ಮೇಲೆ ಐದಾರು ಪದರ. ಎಲ್ಲ ಸೇರಿ ಪಕ್ಕದ ಪ್ಲೇಟನ್ನು ಹೊರಗೆ ನೂಕುತ್ತವೆ, ಮಧ್ಯದ ಕೊಳವೆಯನ್ನು ಒಳಗೆ ಹಿಸುಕುತ್ತವೆ. ಪ್ಲಾಸ್ಟಿಕ್ ಸೀಳಿದ್ದೂ ಇದಕ್ಕೇ, ಕಬ್ಬಿಣ ಬಾಗಿದ್ದೂ ಇದಕ್ಕೇ. ವೆಲ್ಡಿಂಗ್‌ನವನ ತಪ್ಪು ಅಷ್ಟಾಗಿ ಇಲ್ಲ.

ಸ್ಟೀಲ್ ಹಾಕಿದರೂ ಇದೇ ಅಭ್ಯಾಸ ಇದ್ದರೆ ಅದೂ ಬಾಗುತ್ತದೆ, ಎರಡು ವರ್ಷ ತಡವಾಗಬಹುದು ಅಷ್ಟೇ. ಪಂಪ್ ಹಾಕುವ ಮೊದಲು ಪೂರ್ತಿ ಪೈಪನ್ನು ಬಿಚ್ಚಿ.

ಹೆಬ್ಬಾಳದ ಗಾಜು
ಪೂರ್ತಿ 100 ಮೀಟರ್ ಬಿಚ್ಚಿ ಎಲ್ಲಿ ಇಡಲಿ ಮೇಷ್ಟ್ರೇ? ಸಂಜಯನಗರದ ಅಡ್ಡರಸ್ತೆಯಲ್ಲಿ ವ್ಯಾನ್ ನಿಲ್ಲಿಸಲಿಕ್ಕೇ ಜಾಗ ಇಲ್ಲ. ಪೈಪಿನ ಮೇಲೆ ಸ್ಕೂಟರ್ ಹೋಗುತ್ತದೆ, ಆಟೋ ಹೋಗುತ್ತದೆ, ಹಸು ಹೋಗುತ್ತದೆ.

ರೆಡಿಂಗ್ ರಾಯ
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಊರು ಹಾಸನದ ಕಡೆ, ಇಲ್ಲಿ ಎಂಟು ವರ್ಷದಿಂದ ಇದೇ ಕಸುಬು. ಇಲ್ಲಿ ಏಣಿ ಹತ್ತಿ ಕಿಟಕಿ ಒರೆಸುವವರು ಕಡಿಮೆಯಾಗಿದ್ದಾರೆ. 2005ರಲ್ಲಿ ಎತ್ತರದಲ್ಲಿ ಕೆಲಸ ಮಾಡುವುದರ ಬಗ್ಗೆ ನಿಯಮ ಬಂತು, ನೆಲದಿಂದಲೇ ಮಾಡಬಹುದಾದ ಕೆಲಸಕ್ಕೆ ಮೇಲೆ ಹತ್ತಬೇಡಿ ಅಂತ ಅದರ ತಾತ್ಪರ್ಯ. ಹಾಗಾಗಿ ಪ್ರತಿ ಬೀದಿಯಲ್ಲಿ ಟ್ಯಾಂಕ್, ರೀಲ್, ಕೋಲು ಇರುವ ಒಂದು ವ್ಯಾನ್ ಕಾಣುತ್ತದೆ.

ಮೇಷ್ಟ್ರು ಹೇಳಿದ ಕಾರಣ ನೂರಕ್ಕೆ ನೂರು ಸರಿ. ಆದರೆ ಪ್ರತಿ ಮನೆ ಮುಂದೆ 100 ಮೀಟರ್ ಬಿಚ್ಚುವವರನ್ನು ನಾನಂತೂ ಇಲ್ಲಿ ನೋಡಿಲ್ಲ. ನಾವು ಮಾಡುವುದು ಬೇರೆ. ಕೆಲಸ ಮುಗಿದ ಕೂಡಲೇ ಪಂಪ್ ಆಫ್, ಆಮೇಲೆ ಕೋಲಿನ ಕಡೆ ನಲ್ಲಿ ತೆರೆದು ಒತ್ತಡ ಪೂರ್ತಿ ಬಿಡುವುದು, ಆಮೇಲೆ ಸುತ್ತುವುದು. ನೀರು ಒಳಗೇ ಇರಲಿ, ಒತ್ತಡ ಮಾತ್ರ ಬೇಡ. ಸುತ್ತುವಾಗ ಪೈಪನ್ನು ರೀಲಿನಿಂದ ಎಳೆಯಬಾರದು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಬಟ್ಟೆ, ಬಟ್ಟೆಯೊಳಗಿಂದ ಪೈಪು ಸಡಿಲವಾಗಿ ಬರುತ್ತಿರಬೇಕು. ಕೆಸರೂ ಒರೆಸಿದ ಹಾಗಾಯಿತು. ಪೈಪು ದೂರದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಡೆದು ಹೋಗಿ ಬಿಡಿಸಿ, ಹ್ಯಾಂಡಲ್ ಜಗ್ಗಬೇಡಿ. ಇಷ್ಟು ಮಾಡಿ ನನ್ನ ಮೊದಲ ರೀಲ್ ಆರು ವರ್ಷ ಬಂತು, ಅದೂ ಅರ್ಧ ಸುತ್ತಿದ ಪೈಪಿನಲ್ಲೇ ಕೆಲಸ ಮಾಡಿ.

ಲೇತ್ ಮೇಷ್ಟ್ರು
ರಾಯರೇ, ನಿಮ್ಮ ಪೈಪು ಎಷ್ಟು ದಪ್ಪ? ಅಲ್ಲಿ ಸಣ್ಣ ಪೈಪು ಹಾಕುತ್ತೀರಿ ಅಂತ ಕೇಳಿದ್ದೇನೆ. ಸಣ್ಣದಾದರೆ ಉಬ್ಬುವುದೂ ಕಡಿಮೆ.

ರೆಡಿಂಗ್ ರಾಯ
ಹೌದು, 6 ಮಿ.ಮೀ. ಒಳ ಅಳತೆ, ಕೆಲವರು 8. ಒಬ್ಬನೇ ಕೆಲಸ ಮಾಡುವವನಿಗೆ 6 ಸಾಕು. ಹಗುರ, ಮನೆ ಮೂಲೆಯಲ್ಲಿ ತಿರುವಿದರೂ ಬರುತ್ತದೆ, ರೀಲ್ ಚಿಕ್ಕದಾಗುತ್ತದೆ.

ಲೇತ್ ಮೇಷ್ಟ್ರು
ಬೆಂಗಳೂರಿಗೆ 6 ಬೇಡ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ, ಇಂಥ ಲೆಕ್ಕ ಅಂದರೆ ನನಗೆ ಖುಷಿ, ಬೇಡದವರು ಮುಂದೆ ಹೋಗಿ.

ನಿಮಿಷಕ್ಕೆ 3 ಲೀಟರ್ ನೀರು 100 ಮೀಟರ್ ಪೈಪಿನಲ್ಲಿ ಹೋಗಬೇಕು ಅಂದ್ರೆ 8.5 ಮಿ.ಮೀ. ಪೈಪು ಸುಮಾರು ಒಂದೂವರೆ ಬಾರ್ ಒತ್ತಡ ತಿನ್ನುತ್ತದೆ. ಅದೇ 6 ಮಿ.ಮೀ.ನಲ್ಲಿ ಸುಮಾರು 8 ಬಾರ್. ನಿಮ್ಮ ಪಂಪ್ 100 ಪಿಎಸ್‌ಐದು ಅಂತ ಇಟ್ಟುಕೊಂಡರೆ ಅದು ಕೊಡುವ ಒತ್ತಡವೇ 7 ಬಾರಿನ ಹತ್ತಿರ, ಹಾಗಾಗಿ 3 ಲೀಟರ್ ಬರುವುದೇ ಇಲ್ಲ, ಎರಡು ಎರಡೂಕಾಲು ಬಂದರೆ ಹೆಚ್ಚು. ರಾಯರಿಗೆ ಎರಡಂತಸ್ತಿನ ಮನೆ, ಅವರು ನಿಂತಿರುವುದು ನೆಲದಲ್ಲಿ. ನಮ್ಮಲ್ಲಿ ಸೋಲಾರ್ ಇರುವುದು ಮೂರನೇ ಮಹಡಿ ತಾರಸಿಯಲ್ಲಿ. 10 ಮೀಟರ್ ಎತ್ತರಕ್ಕೆ ನೀರು ಏರಿಸಲಿಕ್ಕೇ ಒಂದು ಬಾರ್ ಬೇಕು.

ಹಾಗಂತ ಅರ್ಧ ಇಂಚಿನದು ಹಾಕಬೇಡಿ. ನೀರು ಸಲೀಸಾಗಿ ಬರುತ್ತದೆ ನಿಜ, ಆದರೆ 100 ಮೀಟರಿನಲ್ಲಿ 12 ಲೀಟರ್ ನೀರೇ ಕೂತಿರುತ್ತದೆ, ಪೈಪಿನ ತೂಕ ಸೇರಿಸಿದರೆ 30 ಕಿಲೋ ಹತ್ತಿರ. 8.5ರಲ್ಲಿ ನೀರು ಆರು ಲೀಟರಿಗಿಂತ ಕಡಿಮೆ, ಒಟ್ಟು ತೂಕ 18 ಕಿಲೋ. ನಿಮ್ಮ ಹಳದಿ ಪೈಪು ಸರಿಯಾಗೇ ಇದೆ. ರೀಲನ್ನು ಅದಕ್ಕೆ ತಕ್ಕ ಹಾಗೆ ಮಾಡಿಸಬೇಕಿತ್ತು, ನೀವು ರೀಲ್ ಮೊದಲು ಮಾಡಿಸಿ ಆಮೇಲೆ ಪೈಪು ತುರುಕಿದ್ದೀರಿ.

ತೋಟದ ಕಡೆ
ಆ ಹಳದಿ ಪೈಪಿನ ಮಾತು ಬಂತು ಅಂತ ನಾನೂ ಬಾಯಿ ಹಾಕುತ್ತೇನೆ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಅದು ನಮ್ಮ ಕೊಳೆ ಔಷಧಿ ಪೈಪು, ನೀವು ಗಾಜಿಗೆ ಹಾಕಿಕೊಂಡಿದ್ದು ನೋಡಿ ನಗು ಬಂತು. ಈಗ ಮರ ಹತ್ತುವವರು ಸಿಗುವುದಿಲ್ಲ, ಕಾರ್ಬನ್ ಫೈಬರ್ ದೋಟಿ ಹಿಡಿದು ಕೆಳಗೆ ನಿಂತೇ ಹೊಡೆಯುತ್ತೇವೆ. ನಿಮ್ಮ ಕೋಲೂ ನಮ್ಮ ದೋಟಿಯೂ ಅಣ್ಣ ತಮ್ಮ ಅಂತಾಯಿತು.

ರೀಲಿನ ಬಗ್ಗೆ ನಮ್ಮ ಅನುಭವ ಹೇಳುತ್ತೇನೆ. ಬೋರ್ಡೋ ಅಂದ್ರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಯಿತಾ ಅಂತ ನೋಡಲು ಹೊಳೆಯುವ ಕತ್ತಿ ಅದ್ದುತ್ತೇವೆ, ಅಲಗಿನ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸಾಲದು ಅಂತ ಅರ್ಥ. ಆ ನೀರು ಕಬ್ಬಿಣದ ನಿಪ್ಪಲ್ ಇರುವ ರೀಲಿನಲ್ಲಿ ಹೋದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ನಮ್ಮ ಮನೆಯ ಮೊದಲ ರೀಲ್ ಒಂದು ಮಳೆಗಾಲಕ್ಕೆ ಒಳಗಿಂದ ತಿಂದುಹೋಯಿತು. ಹೊರಗೆ ಪೇಂಟು ಲಕಲಕ ಅಂತಿತ್ತು.

ಹೆಬ್ಬಾಳದವರೇ, ನಿಮ್ಮದೂ ಕಬ್ಬಿಣ ಅಂದಿರಲ್ಲ, ನೀರು ಹೋಗುವ ದಾರಿ ಯಾವುದರದ್ದು ಅಂತ ನೋಡಿದ್ದೀರಾ?

ಹೆಬ್ಬಾಳದ ಗಾಜು
ತೋಟದವರೇ, ನಿಮ್ಮ ಮಾತು ಓದಿ ಈಗಷ್ಟೇ ಬಿಚ್ಚಿ ನೋಡಿದೆ. ಶಾಫ್ಟೇ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣ), ಅದರ ಮೂಲಕವೇ ನೀರು. ಬೆರಳು ಹಾಕಿದರೆ ಕಂದು ಕೆಸರು. ಟ್ಯಾಂಕಿನಲ್ಲಿ ಟಿಡಿಎಸ್ 3 ಇರುತ್ತದೆ, ಬೆಳಿಗ್ಗೆ ಬ್ರಷ್ಷಿನಲ್ಲಿ ಬರುವ ಮೊದಲ ನೀರು ಹಿಡಿದರೆ 14. ನಾನು ರೆಸಿನ್ ಮುಗಿಯಿತು ಅಂತ ಎರಡು ಸಲ ಬದಲಿಸಿದ್ದೇನೆ! ಆ ದುಡ್ಡಿನಲ್ಲಿ ಒಂದು ರೀಲ್ ಬರುತ್ತಿತ್ತು.

ರೆಡಿಂಗ್ ರಾಯ
ಶುದ್ಧ ನೀರಿಗೆ ಹಸಿವು ಜಾಸ್ತಿ, ಸಿಕ್ಕಿದ ಲೋಹವನ್ನೆಲ್ಲ ಮೆಲ್ಲಗೆ ತಿನ್ನುತ್ತದೆ. ಹಿತ್ತಾಳೆಯನ್ನೂ ಬಿಡುವುದಿಲ್ಲ. ನಾವು ನೀರು ತಾಗುವ ಕಡೆಯೆಲ್ಲ ಸ್ಟೇನ್‌ಲೆಸ್ ಅಥವಾ ಪ್ಲಾಸ್ಟಿಕ್ ಫಿಟ್ಟಿಂಗ್ ಹಾಕುತ್ತೇವೆ. ಫ್ರೇಮು, ಪ್ಲೇಟು, ಹ್ಯಾಂಡಲ್ ಯಾವ ಕಬ್ಬಿಣ ಆದರೂ ನಡೆಯುತ್ತದೆ, ಪೌಡರ್ ಕೋಟಿಂಗ್ ಇದ್ದರೆ ಸಾಕು. ಪೂರ್ತಿ ಸ್ಟೀಲ್ ಮಾಡಿಸಿ ದುಡ್ಡು ಸುರಿಯುವ ಅಗತ್ಯ ಇಲ್ಲ.

ಪಾವಗಡ ಬಿಸಿಲು
ನಾನು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಒಂದು ಘಟಕದ ನಿರ್ವಹಣೆ ನೋಡಿಕೊಳ್ಳುತ್ತೇನೆ. ಒಟ್ಟು 2050 ಮೆಗಾವ್ಯಾಟ್, 13,000 ಎಕರೆ, ಅಲ್ಲಿ ವ್ಯಾನ್ ರೀಲ್ ಏನೂ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಘಟಕದಲ್ಲಿ ಟ್ರ್ಯಾಕ್ಟರ್ ಟ್ಯಾಂಕರ್‌ಗೆ ದೊಡ್ಡ ರೀಲ್ ಇದೆ. ಪೈಪು ಹಾಳಾಗುವುದು ನೀರಿಗಿಂತ ಬಿಸಿಲಿಗೆ. ಎರಡು ಬೇಸಿಗೆ ಬಿಸಿಲಿನಲ್ಲಿ ಬಿಟ್ಟ ಪಿವಿಸಿ ಪೈಪು ಚಳಿಯಲ್ಲಿ ಬಿದ್ದ ಬಾರುಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ, ಸುತ್ತಿದರೆ ಬಿರುಕು ಬಿಡುತ್ತದೆ. ರೀಲಿಗೆ ಒಂದು ಹಳೇ ಟಾರ್ಪಾಲ್ ಹೊದಿಸಿ, ಅಷ್ಟೇ ಸಾಕು. ಪಾರದರ್ಶಕ ಪೈಪು ತೆಗೆದುಕೊಳ್ಳಬೇಡಿ, ಒಳಗೆ ಪಾಚಿ ಕಟ್ಟುತ್ತದೆ.

ಇನ್ನೊಂದು, ಇದು ರೀಲಿನ ವಿಷಯ ಅಲ್ಲ ಆದರೂ ಹೇಳುತ್ತೇನೆ. ಮಧ್ಯಾಹ್ನ ಕಾದ ಪ್ಯಾನೆಲ್ ಮೇಲೆ ತಣ್ಣೀರು ಹೊಡೆಯಬೇಡಿ, ಗಾಜಿಗೆ ಒಳ್ಳೆಯದಲ್ಲ. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಪೈಪನ್ನು ಪ್ಯಾನೆಲ್ ಮೂಲೆಗೆ ಉಜ್ಜಿ ಎಳೆಯಬೇಡಿ. ಅಲ್ಯೂಮಿನಿಯಂ ಚೌಕಟ್ಟಿನ ಮೂಲೆ ಬ್ಲೇಡ್ ಇದ್ದ ಹಾಗೆ.

ತೋಟದ ಕಡೆ
ಮೇಡಂ ಬೇರೆ ವಿಷಯ ಎತ್ತಿದ್ದಕ್ಕೆ ನಾನೂ ಒಂದು. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಅದರೊಳಗೆ ನೀರಿನ ಪೈಪು ಬೇರೆ. ತೋಟದಲ್ಲಿ ತಂತಿಗೆ ದೋಟಿ ತಾಗಿ ಜೀವ ಹೋದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಬೆಂಗಳೂರಿನಲ್ಲಿ ಕಿಟಕಿ ಎದುರಿಗೇ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮೊದಲು ತಲೆ ಎತ್ತಿ ನೋಡಿ, ಆಮೇಲೆ ಕೋಲು ಎತ್ತಿ.

ಹೆಬ್ಬಾಳದ ಗಾಜು
ನೆನಪಿಸಿದ್ದಕ್ಕೆ ಧನ್ಯವಾದ. ತಂತಿ ಹತ್ತಿರ ಇದ್ದರೆ ಆ ಕಿಟಕಿ ಬಿಟ್ಟುಬಿಡುತ್ತೇನೆ, ದುಡ್ಡು ಕಡಿಮೆ ಕೊಡಿ ಅನ್ನುತ್ತೇನೆ.

ಮತ್ತೆ ರೀಲಿಗೆ. ಮೈಸೂರಿನವರು ಹೇಳಿದ ಮೋಟರ್ ಬಗ್ಗೆ ಬೇರೆಯವರು ಏನಂತೀರಿ?

ರೆಡಿಂಗ್ ರಾಯ
ನನ್ನ ಈಗಿನ ರೀಲ್ ಮೋಟರಿನದ್ದೇ. ಭುಜಕ್ಕೆ ಆರಾಮ ಅನ್ನುವುದು ಸುಳ್ಳಲ್ಲ. ಆದರೆ ಕೈಯಲ್ಲಿ ಸುತ್ತುವಾಗ ಪೈಪು ಎಲ್ಲೋ ಸಿಕ್ಕಿಕೊಂಡರೆ ಕೈಗೆ ಗೊತ್ತಾಗುತ್ತದೆ, ಮೋಟರಿಗೆ ಗೊತ್ತಾಗುವುದಿಲ್ಲ. ಒಂದು ಸಲ ಒಬ್ಬ ಅಜ್ಜಿಯ ಮನೆ ಮುಂದೆ ಗುಂಡಿ ಒತ್ತಿ ಟ್ಯಾಂಕಿನ ಮುಚ್ಚಳ ನೋಡುತ್ತಿದ್ದೆ, ಪೈಪು ಹೂಕುಂಡಕ್ಕೆ ಸುತ್ತಿಕೊಂಡು ಕುಂಡ ಮೆಟ್ಟಿಲಿಳಿದು ವ್ಯಾನಿನ ಕಡೆ ಬರುತ್ತಾ ಇತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ತಿಂಗಳು ಅವರ ಮನೆ ಕೆಲಸ ಉಚಿತ.

ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ತಿರುಗುವಂಥದ್ದು ಇರಬೇಕು, ಬಿಟ್ಟ ತಕ್ಷಣ ನಿಲ್ಲಬೇಕು. ಮೋಟರಿಗೆ ಬೇರೆ ಫ್ಯೂಸ್, ದಪ್ಪ ವೈರ್. ಪಂಪಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಪಂಪಿನ ವೈರಿಗೇ ಕೊಕ್ಕೆ ಹಾಕಬೇಡಿ.

ಫೋಮ್ ವಾಶ್ ಮೈಸೂರು
ಸರಿ, ಒಪ್ಪಿಕೊಳ್ಳುತ್ತೇನೆ. ನನ್ನ ಚೈನಿಗೆ ಕವರ್ ಇಲ್ಲ. ಹೋದ ತಿಂಗಳು ಹುಡುಗನ ಶರ್ಟಿನ ತೋಳು ಸಿಕ್ಕಿತ್ತು, ಶರ್ಟ್ ಹರಿಯಿತು, ಕೈ ಉಳಿಯಿತು. ಮೇಲೆ ಬರೆಯುವಾಗ ಅದನ್ನು ಬಿಟ್ಟಿದ್ದೆ.

ಲೇತ್ ಮೇಷ್ಟ್ರು
ಇವತ್ತೇ ಕವರ್ ಹಾಕಿಸು ಮಾರಾಯ. ಒಂದು ತಗಡಿನ ತುಂಡು ಸಾಕು.

ಹೆಬ್ಬಾಳದವರೇ, ನೀವು ಕೈಯಲ್ಲೇ ಸುತ್ತಿ. ಮಾಡಿಸುವುದಾದರೆ ಹೀಗೆ ಮಾಡಿಸಿ. ಪೈಪಿನ ಹೊರ ಅಳತೆ 14 ಅಂತ ಇಟ್ಟುಕೊಳ್ಳಿ. ಮಧ್ಯದ ಡ್ರಮ್ 200 ಮಿ.ಮೀ. ವ್ಯಾಸ, ಇದಕ್ಕಿಂತ ಸಣ್ಣದಾದರೆ ಪೈಪು ಮಡಿಚಿಕೊಳ್ಳುತ್ತದೆ. ಅಗಲ 350. ಒಂದು ಪದರಕ್ಕೆ 25 ಸುತ್ತು ಹಿಡಿಯುತ್ತದೆ, ಮೊದಲ ಪದರದಲ್ಲಿ ಸುಮಾರು 17 ಮೀಟರ್, ಮೇಲಕ್ಕೆ ಹೋದ ಹಾಗೆ ಪ್ರತಿ ಪದರಕ್ಕೆ ಎರಡು ಮೀಟರಿನಷ್ಟು ಜಾಸ್ತಿ. ಲೆಕ್ಕದಲ್ಲಿ ಐದು ಪದರಕ್ಕೆ 100 ಮೀಟರ್ ದಾಟುತ್ತದೆ. ಆದರೆ ಲೆಕ್ಕದ ಹಾಗೆ ಸುತ್ತುವ ಮನುಷ್ಯ ಇನ್ನೂ ಹುಟ್ಟಿಲ್ಲ, ಆರು ಪದರ ಅಂತ ಹಿಡಿಯಿರಿ. ಅದರ ಮೇಲೆ ಎರಡು ಬೆರಳು ಜಾಗ ಬಿಟ್ಟರೆ ಪಕ್ಕದ ಚಕ್ರ 430 ವ್ಯಾಸ ಆಗುತ್ತದೆ. ಚಕ್ರಕ್ಕೆ ಸುಮ್ನೆ ಸಪಾಟು ಪ್ಲೇಟ್ ಹಾಕಬೇಡಿ, ಹೊರಗಡೆಯಿಂದ ನಾಲ್ಕು ಪಟ್ಟಿ ವೆಲ್ಡ್ ಮಾಡಿಸಿ, ಅಂಚಿಗೆ ರಾಡ್ ಬಾಗಿಸಿ ಕೂರಿಸಿ. ಅಂಚು ಚೂಪಾಗಿದ್ದರೆ ಪೈಪನ್ನು ಕೊಯ್ಯುತ್ತದೆ.

ಶಾಫ್ಟ್ 25 ಮಿ.ಮೀ., ಎರಡು ಕಡೆ ಯುಸಿಪಿ 205 ಬೇರಿಂಗ್ ಬ್ಲಾಕ್. ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ, ಗ್ರೀಸ್ ನಿಪ್ಪಲ್ ಕೂಡ ಇರುತ್ತದೆ. ನೀರಿನ ದಾರಿ ಮಾತ್ರ 304 ಸ್ಟೇನ್‌ಲೆಸ್ ಸ್ಟೀಲ್: ಸ್ವಿವೆಲ್ (ಆ ತಿರುಗುವ ಜಾಯಿಂಟು), ಶಾಫ್ಟಿನ ಟೊಳ್ಳು ತುದಿ, ಡ್ರಮ್ಮಿನೊಳಗಿನ ಮೊಣಕೈ (ಎಲ್ಬೋ), ಪೈಪಿನ ನಿಪ್ಪಲ್.

ಆ ಮೊಣಕೈ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಡ್ರಮ್ಮಿನಿಂದ ನೆಟ್ಟಗೆ ಮೇಲೆ ನಿಂತಿದ್ದರೆ ಪೈಪು ಹೊರಟಲ್ಲೇ ಮಡಿಚಿಕೊಳ್ಳುತ್ತದೆ, ಅದರ ಮೇಲೆ ಆರು ಪದರದ ಭಾರ. ಸುತ್ತುವ ದಿಕ್ಕಿಗೇ ಮುಖ ಮಾಡಿ ಮಲಗಿರಬೇಕು. ಅಲ್ಲಿ ತಿರುಪಿನ ಕ್ಲಿಪ್ ಬೇಡ, ಅದರ ಬಾಲ ಮೇಲಿನ ಪದರವನ್ನು ಗೀರುತ್ತದೆ. ಹೈಡ್ರಾಲಿಕ್ ಪೈಪಿನವರ ಹತ್ತಿರ ಕ್ರಿಂಪ್ ಮಾಡಿಸಿ, ಅಂದ್ರೆ ಲೋಹದ ಬಳೆ ಒತ್ತಿ ಬಿಗಿಸುವುದು. ಕೊನೆಯ ಮೂರು ಸುತ್ತು ಯಾವಾಗಲೂ ಡ್ರಮ್ಮಿನಲ್ಲೇ ಇರಲಿ, ಅಲ್ಲಿಗೆ ಕೆಂಪು ಟೇಪ್ ಸುತ್ತಿ. ಟೇಪ್ ಕಂಡರೆ ಎಳೆಯುವುದು ನಿಲ್ಲಿಸಬೇಕು.

ಹೆಬ್ಬಾಳದ ಗಾಜು
ಮೇಷ್ಟ್ರೇ, ಇದನ್ನೆಲ್ಲ ಬರೆದುಕೊಂಡೆ. ಸ್ವಿವೆಲ್ ಮಾತ್ರ ಹೇಳಿ, ನನ್ನ ತಲೆನೋವು ಅದೇ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ತೊಟ್ಟಿಕ್ಕುತ್ತದೆ.

ಲೇತ್ ಮೇಷ್ಟ್ರು
ತಿರುಗುವ ಕಡೆ ಟೆಫ್ಲಾನ್ ಏನೂ ಮಾಡುವುದಿಲ್ಲ, ಅದು ಕೂತಿರುವ ಥ್ರೆಡ್ಡಿಗೆ ಮಾತ್ರ. ತಿರುಗುವ ಕಡೆ ನೀರು ತಡೆಯುವುದು ಒಳಗಿನ ಓ ರಿಂಗ್ ಅನ್ನುವ ರಬ್ಬರ್ ಬಳೆ. ಬಿಚ್ಚಿ ನೋಡಿ, ಚಪ್ಪಟೆ ಆಗಿರುತ್ತದೆ ಅಥವಾ ತುಕ್ಕಿನ ಪುಡಿಯಲ್ಲಿ ಗೀರು ಬಿದ್ದಿರುತ್ತದೆ. ಅದೇ ಅಳತೆಯದು ಐದು ತಂದು ವ್ಯಾನಿನಲ್ಲಿ ಇಡಿ, ಚಿಲ್ಲರೆ ಖರ್ಚು. ಹಾಕುವಾಗ ಸಿಲಿಕಾನ್ ಗ್ರೀಸ್ ಹಚ್ಚಿ. ಬೇರಿಂಗಿನ ಗ್ರೀಸ್ ಹಚ್ಚಬೇಡಿ, ಇಪಿಡಿಎಂ ರಬ್ಬರ್ ಆಗಿದ್ದರೆ ಅದು ಊದಿಕೊಂಡು ಸ್ವಿವೆಲ್ ಜಾಮ್ ಆಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಟ್ಯಾಂಕಿನಿಂದ ಸ್ವಿವೆಲ್‌ಗೆ ಬರುವ ಪೈಪು ಬಿಗಿಯಾಗಿದೆಯಾ ನೋಡಿ. ಬಿಗಿಯಾಗಿದ್ದರೆ ಸ್ವಿವೆಲ್ ಅನ್ನು ಒಂದೇ ಕಡೆಗೆ ಜಗ್ಗುತ್ತಿರುತ್ತದೆ, ಓ ರಿಂಗ್ ಒಂದು ಬದಿ ಸವೆಯುತ್ತದೆ. ಒಂದು ಅಡಿ ಸಡಿಲ ಬಿಡಿ.

ಪಾವಗಡ ಬಿಸಿಲು
ಮೇಷ್ಟ್ರ ಮಾತಿಗೆ ಸೇರಿಸುತ್ತೇನೆ. ರೀಲನ್ನು ವ್ಯಾನಿನ ನೆಲಕ್ಕೆ ಬೋಲ್ಟ್ ಹಾಕುವಾಗ ಕೆಳಗಡೆ ಅಗಲವಾದ ಪ್ಲೇಟ್ ಕೊಡಿ, ಬರೀ ವಾಷರ್ ಆದರೆ ತಗಡು ಹರಿದು ಬರುತ್ತದೆ. ನೀರು ತುಂಬಿದ ಪೈಪು, ಸ್ಟೀಲು, ಫ್ರೇಮು ಎಲ್ಲ ಸೇರಿದರೆ 40 ಕಿಲೋ ದಾಟುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ಅದು ನಿಮ್ಮ ಬೆನ್ನಿಗೇ ಬರುವುದು. ಬೋಲ್ಟ್ ತೂತು ಕೊರೆಯುವ ಮೊದಲು ಕೆಳಗೆ ಪೆಟ್ರೋಲ್ ಪೈಪು ಎಲ್ಲಿದೆ ಅಂತಲೂ ನೋಡಿ.

ತೋಟದ ಕಡೆ
ರೀಲಿಗೆ ಒಂದು ಅಡ್ಡಗೂಟ ಬೇಕು. ನಮ್ಮ ಪಿಕಪ್ಪಿನಲ್ಲಿ ಆಗುಂಬೆ ಘಾಟಿ ಇಳಿಯುವಷ್ಟರಲ್ಲಿ ಅರ್ಧ ಪೈಪು ತಾನೇ ಬಿಚ್ಚಿಕೊಂಡಿತ್ತು. ಚಕ್ರಕ್ಕೆ ತೂತು ಹೊಡೆದು ಒಂದು ಪಿನ್ ತೂರಿಸಿದರೆ ಮುಗಿಯಿತು.

ಪೂರ್ತಿ ಬಿಚ್ಚಲಿಕ್ಕೆ ಜಾಗ ಇಲ್ಲ ಅಂದಿರಿ. ನಾವು ತೋಟದಲ್ಲಿ ಪೈಪನ್ನು ನೆಲದ ಮೇಲೆ ಎಂಟರ ಆಕಾರದಲ್ಲಿ ಹಾಕುತ್ತೇವೆ, ಒಂದು ಸುತ್ತು ಬಲಕ್ಕೆ, ಒಂದು ಎಡಕ್ಕೆ. ಮುರಿ ಬೀಳುವುದಿಲ್ಲ, ಎಳೆದ ಹಾಗೆ ಬರುತ್ತದೆ. ಮಂಚದಷ್ಟು ಜಾಗದಲ್ಲಿ 100 ಮೀಟರ್ ಕೂರುತ್ತದೆ. ದಿನದ ಕೊನೆಗಾದರೂ ಒಂದು ಸಲ ಪೂರ್ತಿ ಬಿಚ್ಚಿ ಹೀಗೆ ಹಾಕಿ, ಮತ್ತೆ ಸಡಿಲವಾಗಿ ಸುತ್ತಿ.

ಲೇತ್ ಮೇಷ್ಟ್ರು
ಇದು ಒಳ್ಳೆಯ ಉಪಾಯ. ದಿನವೂ ಆಗದಿದ್ದರೆ ವಾರಕ್ಕೊಮ್ಮೆ. ನಾನು ಮೊದಲು ಹೇಳಿದ್ದು ಸ್ವಲ್ಪ ಕಟ್ಟುನಿಟ್ಟಾಯಿತು, ಒಪ್ಪುತ್ತೇನೆ. ರಾಯರು ಹೇಳಿದ ಹಾಗೆ ಒತ್ತಡ ಬಿಟ್ಟು ಸಡಿಲವಾಗಿ ಸುತ್ತುವುದಾದರೆ ಅರ್ಧ ಪೈಪಿನಲ್ಲೂ ಕೆಲಸ ಮಾಡಿ.

ಹೆಬ್ಬಾಳದ ಗಾಜು (ನಾಲ್ಕು ತಿಂಗಳ ನಂತರ)
ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಆಮೇಲೆ ಏನಾಯಿತು ಅಂತ ಹೇಳದೆ ಹೋಗುವವರನ್ನು ಕಂಡರೆ ನನಗೇ ಕೋಪ ಬರುತ್ತದೆ.

ಮೇಷ್ಟ್ರ ಹತ್ತಿರವೇ ಹೋಗಿ ಮಾಡಿಸಿದೆ. ಫ್ರೇಮು ಕಬ್ಬಿಣ, ನೀರಿನ ದಾರಿ ಸ್ಟೀಲ್. ಎರಡು ಹೊಸ ಟೈರಿನಷ್ಟು ಖರ್ಚಾಯಿತು. ಟ್ಯಾಂಕಿನಲ್ಲಿ 3 ಇದ್ದರೆ ಈಗ ಬ್ರಷ್ಷಿನಲ್ಲೂ 3, ಬೆಳಿಗ್ಗೆ ಮೊದಲ ನೀರು 4. ರೆಸಿನ್ ಬದಲಿಸಿಲ್ಲ. ನಲ್ಲಿ ತೆರೆದು ಒತ್ತಡ ಬಿಡುವುದು ಮೊದಲ ಎರಡು ವಾರ ಮರೆತುಹೋಗುತ್ತಿತ್ತು, ಹ್ಯಾಂಡಲ್ ಮೇಲೆ "ನಲ್ಲಿ" ಅಂತ ಮಾರ್ಕರಿನಲ್ಲಿ ಬರೆದುಕೊಂಡೆ. ಭಾನುವಾರ ಮನೆ ತಾರಸಿಯಲ್ಲಿ ಎಂಟು ಹಾಕಿ ಸುತ್ತುತ್ತೇನೆ. ಮಗಳಿಗೆ ಅದೊಂದು ಆಟ, ಬಟ್ಟೆ ಹಿಡಿಯುವುದು ಅವಳೇ.

ಒಂದು ತಪ್ಪು ಮಾಡಿದೆ. ರೀಲನ್ನು ಹಿಂಬಾಗಿಲಿಗೆ ಮುಖ ಮಾಡಿ ಕೂರಿಸಿದೆ. ಕಿರಿದಾದ ರಸ್ತೆಯಲ್ಲಿ ಹಿಂದೆ ಇನ್ನೊಂದು ಗಾಡಿ ನಿಂತರೆ ಹಿಂಬಾಗಿಲು ಎತ್ತಲಿಕ್ಕೇ ಆಗುವುದಿಲ್ಲ. ಪಕ್ಕದ ಜಾರುಬಾಗಿಲಿಗೆ ತಿರುಗಿಸಬೇಕಿತ್ತು. ಬಾಗಿಲ ಅಂಚಿಗೆ ಪೈಪು ಉಜ್ಜದ ಹಾಗೆ ಅಲ್ಲಿ ಒಂದು ರೋಲರ್ ಕೂಡ ಬೇಕು. ದೀಪಾವಳಿ ರಜೆಯಲ್ಲಿ ಮಾಡುತ್ತೇನೆ.

ರೆಡಿಂಗ್ ರಾಯ
ಬಹಳ ಸಂತೋಷ. ನಮ್ಮಲ್ಲಿ ಇನ್ನೇನು ಹಿಮ ಬೀಳುವ ಕಾಲ. ರಾತ್ರಿ ವ್ಯಾನಿನೊಳಗೆ ಚಿಕ್ಕ ಹೀಟರ್ ಇಡದಿದ್ದರೆ ಸ್ವಿವೆಲ್ ಒಳಗಿನ ನೀರು ಗಟ್ಟಿಯಾಗಿ ಸೀಳುತ್ತದೆ. ನಿಮಗೆ ಆ ಕಷ್ಟ ಇಲ್ಲ, ಅದೃಷ್ಟವಂತರು.

ಹೆಬ್ಬಾಳದ ಗಾಜು
ರಾಯರೇ, ನೀವು ಒಂದು ದಿನ ಸಂಜೆ ಆರಕ್ಕೆ ಹೆಬ್ಬಾಳ ಫ್ಲೈಓವರ್ ಮೇಲೆ ಬನ್ನಿ, ಅದೃಷ್ಟ ತೋರಿಸುತ್ತೇನೆ.

ತೋಟದ ಕಡೆ
ಮೇಷ್ಟ್ರೇ, ನನಗೂ ಒಂದು ರೀಲ್ ಬೇಕು. ಮುಂದಿನ ಮಳೆಗಾಲದೊಳಗೆ ಆದರೆ ಸಾಕು. ಬಸ್ಸಿಗೆ ಹಾಕಿ ತೀರ್ಥಹಳ್ಳಿಗೆ ಕಳಿಸಲು ಆಗುತ್ತದಾ? ಪೈಪು ಅದೇ 8.5ರದು, 150 ಮೀಟರ್.

ಲೇತ್ ಮೇಷ್ಟ್ರು
ಆಗುತ್ತದೆ. ಮೊದಲು ಪೈಪಿನ ಹೊರ ಅಳತೆ ಕಳಿಸಿ. ಮೇಲೆ ಅಚ್ಚಾಗಿರುವುದು ಬೇಡ, ವರ್ನಿಯರ್ ಇಟ್ಟು ಮೂರು ಕಡೆ ಅಳೆಯಿರಿ. ಹೆಬ್ಬಾಳದವರ ಪೈಪು 14 ಅಂದಿದ್ದರು, ಅಂಗಡಿಗೆ ತಂದಾಗ ಹದಿನಾಲ್ಕೂವರೆ ಇತ್ತು.